ಗಟ್ಟಿಮುಟ್ಟಾಗಿದ್ದ ಲುಟಾಯನನ್ನು ಜನ ಯಾಕೆ ನಂಬಲಿಲ್ಲ?

1989ರಲ್ಲಿ ಉಗಾಂಡದ ಗಾಯಕ ಫಿಲಿ ಬೊಂಗೊಲೆ ಲುಟಾಯ ತನಗೆ ಏಡ್ಸ್ ಇದೆ ಎಂದು ಎಲ್ಲರೆದುರು ಹೇಳಿದ. ಬಹಳ ಜನ ನಂಬಲೇ ಇಲ್ಲ. ಕ್ಯಾಸೆಟ್ ಮಾರೋಕೆ ನಾಟಕ ಆಡ್ತಿದ್ದಾನೆ ಅಂದರು.

ಜನರನ್ನೂ ಸುಮ್ನೆ ಬೈಯುವ ಹಾಗಿಲ್ಲ. ಅವರು ಕಂಡಿದ್ದ ಏಡ್ಸ್ ಎಂದರೆ ನಿಲ್ಲದ ಭೇದಿ, ಬಿಡದ ಜ್ವರ, ಎಲುಬು ಎದ್ದು ಕಾಣುವ ಮೈ. ಕಾಯಿಲೆಯನ್ನೇ ‘ಸ್ಲಿಮ್’, ಅಂದರೆ ಸಣಕಲು, ಅಂತ ಕರೆಯುತ್ತಿದ್ದರು. ಸ್ವೀಡನ್‌ನಲ್ಲಿ ನೆಲೆಸಿ ಊರಿಗೆ ಬಂದ ಜನಪ್ರಿಯ ಹಾಡುಗಾರ ನೆಟ್ಟಗೆ ನಿಂತು ಮಾತಾಡಿದರೆ ನಂಬೋದು ಹೇಗೆ?

ನನ್ನ ಬಳಿ ಆಪ್ತಸಮಾಲೋಚನೆಗೆ ಬರುವವರು ಇವತ್ತಿಗೂ ಇದನ್ನೇ ಕೇಳುತ್ತಾರೆ. “ಚೆನ್ನಾಗೇ ಇದ್ದಾರಲ್ಲ ಮೇಡಂ, ರಿಪೋರ್ಟ್ ಅದಲುಬದಲಾಗಿರಬೇಕು.” ಏಡ್ಸ್ ತರುವ ವೈರಸ್ ಎಚ್‌ಐವಿ ಮೈಗೆ ಸೇರಿದ ಹೊಸದರಲ್ಲಿ ಒಂದಿಷ್ಟು ಜ್ವರ ಬಂದು ಹೋಗಬಹುದು. ಆಮೇಲೆ ಎಂಟು ಹತ್ತು ವರ್ಷ ಏನೂ ಕಾಣದೆ ಇರಬಹುದು. ಔಷಧಿ ತಗೊಳ್ಳದಿದ್ದರೆ ಒಳಗೆ ಮಾತ್ರ ಸಿಡಿ4 ಕಣಗಳು, ಅಂದರೆ ರೋಗ ತಡೆಯುವ ಬಿಳಿ ರಕ್ತಕಣಗಳು, ಕಡಿಮೆಯಾಗುತ್ತಲೇ ಇರುತ್ತವೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 500ಕ್ಕಿಂತ ಜಾಸ್ತಿ ಇರುವ ಆ ಲೆಕ್ಕ 200ಕ್ಕಿಂತ ಕೆಳಗಿಳಿದಾಗ ಟಿಬಿ, ಬಾಯಿಹುಣ್ಣು, ತೂಕ ಇಳಿಯೋದು ಇವುಗಳ ಕಾಟ ಜೋರಾಗುತ್ತದೆ. ಔಷಧಿಯಿಲ್ಲದೆ ಚೆನ್ನಾಗಿ ಕಾಣುವ ಆ ವರ್ಷಗಳಲ್ಲೂ ಸೋಂಕು ಹರಡಬಹುದು. ಪತ್ತೆಗೆ ಪರೀಕ್ಷೆ ಒಂದೇ ದಾರಿ.

ಲುಟಾಯ ಸುಮ್ಮನಾಗಲಿಲ್ಲ. ಶಾಲೆ, ಚರ್ಚು ಅಂತ ಸುತ್ತಿದ. ‘ಅಲೋನ್’ ಹಾಡಿನಲ್ಲಿ ಕಾಯಿಲೆಯವನ ಒಂಟಿತನ, ಹೆದರಿಕೆ ಎರಡನ್ನೂ ಬಿಚ್ಚಿಟ್ಟ. ನೋರೀನ್ ಕಲೀಬಾ ಮತ್ತು ಗೆಳೆಯರು 1987ರಲ್ಲೇ ಟಾಸೊ ಎಂಬ ಸಂಸ್ಥೆ ಕಟ್ಟಿ ರೋಗಿಗಳ ಜೊತೆ ನಿಂತಿದ್ದರು, ನಿಜ. ಆದರೆ ಊರೆಲ್ಲ ಬಲ್ಲ ಮುಖವೊಂದು ‘ನನಗೇ ಇದೆ’ ಅಂದದ್ದು ಅಲ್ಲಿ ಅದೇ ಮೊದಲು. ನನ್ನ ಕೇಳಿದರೆ, ತಲೆಬುರುಡೆ ಬರೆದ ಪೋಸ್ಟರ್ ನೂರು ಅಂಟಿಸಿದರೂ ಇಷ್ಟು ಕೆಲಸ ಆಗಲ್ಲ. ಪೋಸ್ಟರ್ ನೋಡಿ ಹೆದರಿದವರು ಪರೀಕ್ಷೆಗೇ ಬರುವುದಿಲ್ಲ.

1989ರ ಡಿಸೆಂಬರ್ 15ರಂದೇ ಲುಟಾಯ ತೀರಿಕೊಂಡ. ವಯಸ್ಸು 38. ಮೂರು ಔಷಧಿ ಕೂಡಿಸಿ ಕೊಡುವ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಈಗ ನಮ್ಮ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಮಾತ್ರೆ ಉಚಿತ. ದಿನಾ ತಪ್ಪದೆ ನುಂಗಿ, ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

“ಹಾಗಾದ್ರೆ ನಾನೂ ಎಲ್ಲರಿಗೂ ಹೇಳ್ಬೇಕಾ?” ಅಂತ ಕೆಲವರು ಕೇಳುತ್ತಾರೆ. ಸಂಗಾತಿಗೆ ಹೇಳಿ, ಕಷ್ಟವಾದರೆ ಇಬ್ಬರೂ ಒಟ್ಟಿಗೆ ಬನ್ನಿ ಅನ್ನುತ್ತೇನೆ. ನೆಂಟರಿಗೆ, ಓನರ್‌ಗೆ, ಆಫೀಸಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. 2017ರ ಎಚ್‌ಐವಿ ಕಾಯ್ದೆ ಪ್ರಕಾರ, ಕೋರ್ಟ್ ಆದೇಶವಿಲ್ಲದೆ ಯಾರೂ ನಿಮ್ಮ ಬಾಯಿಬಿಡಿಸುವಂತಿಲ್ಲ.