ಜೊತೆಗಾರರು ಕೈಬಿಟ್ಟ ಮೇಲೂ ಕಾದಾಡಿದ ಬಾರ್ಸಿಲೋನಾ

ಸ್ಪೇನಿನ ಈಶಾನ್ಯದಲ್ಲಿರುವ ಕ್ಯಾಟಲೋನಿಯಾದವರು ತಾವು ಸೋತ ದಿನವನ್ನೇ ನಾಡಹಬ್ಬ ಮಾಡಿಕೊಂಡಿದ್ದಾರೆ. 1714ರ ಸೆಪ್ಟೆಂಬರ್ 11ರಂದು, ವರ್ಷಕ್ಕೂ ಜಾಸ್ತಿ ಮುತ್ತಿಗೆ ತಡೆದುಕೊಂಡಿದ್ದ ಅವರ ರಾಜಧಾನಿ ಬಾರ್ಸಿಲೋನಾ ಶತ್ರುಗಳ ಕೈಸೇರಿತು.

ಜಗಳ ಶುರುವಾದದ್ದು 1700ರಲ್ಲಿ. ಸ್ಪೇನಿನ ದೊರೆ ಎರಡನೇ ಕಾರ್ಲೋಸ್ ಮಕ್ಕಳಿಲ್ಲದೆ ತೀರಿಕೊಂಡ. ಉಯಿಲಿನಲ್ಲಿ ಪಟ್ಟ ಬರೆದಿದ್ದು ಫ್ರಾನ್ಸಿನ 14ನೇ ಲೂಯಿಯ ಮೊಮ್ಮಗ ಫಿಲಿಪ್‌ಗೆ. ಎರಡು ದೊಡ್ಡ ರಾಜ್ಯ ಒಂದೇ ಮನೆತನಕ್ಕೆ ಹೋದರೆ ನಮ್ಮ ಗತಿ ಏನು ಅಂತ ಇಂಗ್ಲೆಂಡ್, ಡಚ್ಚರು, ಆಸ್ಟ್ರಿಯಾ ಒಟ್ಟಾಗಿ ಆಸ್ಟ್ರಿಯಾದ ರಾಜಕುಮಾರ ಚಾರ್ಲ್ಸ್‌ನನ್ನು ಎದುರು ನಿಲ್ಲಿಸಿದರು. 1705ರಲ್ಲಿ ಇಟಲಿಯ ಜಿನೋವಾದಲ್ಲಿ ಇಂಗ್ಲೆಂಡ್ ಕ್ಯಾಟಲನ್ನರಿಗೆ ಮಾತು ಕೊಟ್ಟಿತು: ಯುದ್ಧ ಏನೇ ಆಗಲಿ, ನಿಮ್ಮ ಕಾನೂನು, ಹಕ್ಕುಗಳನ್ನು ನಾವು ಕಾಯುತ್ತೇವೆ. ಆ ಮಾತು ನಂಬಿ ಬಾರ್ಸಿಲೋನಾ ಚಾರ್ಲ್ಸ್‌ನ ಕಡೆ ನಿಂತಿತು.

1711ರಲ್ಲಿ ಚಾರ್ಲ್ಸ್‌ನ ಅಣ್ಣ ಸತ್ತು, ಸಾಮ್ರಾಟನ ಪಟ್ಟ ಇವನಿಗೇ ಬಂತು. ಈಗ ಇವನೂ ಜಾಸ್ತಿ ಬಲವಂತನಾಗುತ್ತಾನಲ್ವಾ? ಬ್ರಿಟನ್ ಮೆಲ್ಲಗೆ ಜಾರಿಕೊಂಡಿತು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಫಿಲಿಪ್‌ನನ್ನೇ ಸ್ಪೇನಿನ ದೊರೆ ಅಂತ ಒಪ್ಪಿಕೊಂಡು, ಬದಲಿಗೆ ಜಿಬ್ರಾಲ್ಟರ್, ಮೆನೋರ್ಕಾ ದ್ವೀಪ, ಜೊತೆಗೆ ಅಮೆರಿಕದಲ್ಲಿದ್ದ ಸ್ಪೇನಿನ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವ ಗುತ್ತಿಗೆಯನ್ನೂ ಗಿಟ್ಟಿಸಿಕೊಂಡಿತು. ಕೊಟ್ಟ ಮಾತು ಗಾಳಿಗೆ ಹೋಯಿತು.

ಆಸ್ಟ್ರಿಯಾದ ಸೈನ್ಯವೂ ಹಡಗು ಹತ್ತಿತು. ಆದರೂ ಬಾರ್ಸಿಲೋನಾದಲ್ಲಿ ಸೇರಿದ ನಾಡಿನ ಸಭೆ ಕಾದಾಡುವುದೆಂದು ತೀರ್ಮಾನಿಸಿತು. ಕೋಟೆ ಗೋಡೆಯ ಮೇಲೆ ನಿಂತವರಲ್ಲಿ ಚಮ್ಮಾರರು, ದರ್ಜಿಗಳಂಥ ಕಸುಬಿನವರೇ ಜಾಸ್ತಿ, ಒಂದೊಂದು ಕಸುಬಿನ ಸಂಘಕ್ಕೆ ಒಂದೊಂದು ತುಕಡಿ. ಫಿಲಿಪ್‌ನ ಪರವಾಗಿ ಕೊನೆಯ ದಾಳಿ ನಡೆಸಿದವನು ಫ್ರೆಂಚ್ ಸೇನಾಪತಿ ಬರ್ವಿಕ್. ತಮಾಷೆ ನೋಡಿ, ಅವನು ಇಂಗ್ಲೆಂಡಿನ ರಾಣಿ ಆನ್‌ಗೆ ಮಲತಮ್ಮ!

ಅವತ್ತು ನಗರಸಭೆಯ ಮುಖ್ಯಸ್ಥ ರಫಾಯೆಲ್ ಕಾಸನೋವಾ ಊರು ಕಾಯುವ ಸಂತಳೆಂದು ನಂಬಿದ ಯುಲಾಲಿಯಾಳ ಬಾವುಟ ಹಿಡಿದು ಗೋಡೆಯ ಹತ್ತಿರ ಗಾಯಗೊಂಡ. ಈಗ ಪ್ರತಿ ವರ್ಷ ಅವನ ಪ್ರತಿಮೆಗೆ ಹೂ ಇಡುತ್ತಾರೆ. ಅವನು ಅಲ್ಲೇ ಸತ್ತ ಅಂದುಕೊಳ್ಳಬೇಡಿ, ಆಮೇಲೆ ವಕೀಲಿಕೆ ಮಾಡಿಕೊಂಡು 1743ರವರೆಗೂ ಬದುಕಿದ್ದ. ಇದನ್ನು ಸ್ಪೇನ್ ವಿರುದ್ಧ ಕ್ಯಾಟಲೋನಿಯಾದ ಯುದ್ಧ ಅಂತ ಹೇಳುವುದೂ ನನಗೆ ಅಷ್ಟು ಒಪ್ಪಿಗೆಯಿಲ್ಲ. ಫಿಲಿಪ್‌ನ ಪರ ಇದ್ದ ಕ್ಯಾಟಲನ್ನರೂ ಇದ್ದರು, ಊರು ಕಾಯುತ್ತಿದ್ದ ಸೇನಾಪತಿ ವಿಯ್ಯಾರೊಯೆಲ್ ಹಿಂದೆ ಫಿಲಿಪ್‌ನ ಸೈನ್ಯದಲ್ಲೇ ಇದ್ದವನು.

ಆದರೆ ಶಿಕ್ಷೆ ಮಾತ್ರ ಇಡೀ ನಾಡಿಗೆ ಬಿತ್ತು. 1716ರಲ್ಲಿ ಕ್ಯಾಟಲೋನಿಯಾದ ಹಳೆಯ ಆಡಳಿತವನ್ನೇ ರದ್ದು ಮಾಡಿದರು. ಊರಿನ ಮೇಲೆ ಕಣ್ಣಿಡಲು ಒಂದು ಕೋಟೆ ಬೇಕಾಯಿತು, ಅದಕ್ಕಾಗಿ ರಿಬೇರಾ ಅನ್ನೋ ಬಡಾವಣೆಯ ಒಂದು ದೊಡ್ಡ ಭಾಗವನ್ನೇ ಕೆಡವಿದರು. ಆ ಕೋಟೆ ಈಗ ಪಾರ್ಕು. ಪಕ್ಕದ ಹಳೇ ಬೊರ್ನ್ ಮಾರುಕಟ್ಟೆಯಲ್ಲಿ ಗ್ರಂಥಾಲಯ ಕಟ್ಟೋಣ ಅಂತ ಹೊರಟಾಗ ನೆಲದಡಿ ಆ ಬಡಾವಣೆಯ ಬೀದಿಗಳು, ಮನೆಗಳ ಬುನಾದಿಗಳು ಹಾಗೇ ಸಿಕ್ಕವು. ಗ್ರಂಥಾಲಯದ ಯೋಜನೆ ಕೈಬಿಟ್ಟರು. 2013ರಿಂದ ಆ ಅವಶೇಷಗಳನ್ನು ಜನ ಹೋಗಿ ನೋಡಬಹುದು.