ಶ್ರೀಲಂಕಾದ ಚಕ್ಕೆ ಪುಡಿ ದಾವಣಗೆರೆಗೆ ಬರಬೇಕಾದರೆ

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಮಸಾಲೆ ಪುಡಿ ಗಿರಣಿ ಇದೆ. ಶ್ರೀಲಂಕಾದಿಂದ ದಾಲ್ಚಿನ್ನಿ ಪುಡಿಯನ್ನು 25 ಕಿಲೋ ಚೀಲಗಳಲ್ಲಿ ತರಿಸಿ, ಇಲ್ಲಿ ಪೊಟ್ಟಣ ಕಟ್ಟಿ ಮಾರುವ ಆಲೋಚನೆಯಿದೆ. ಯಾವ ಪರವಾನಗಿ ಬೇಕು, ಸುಂಕವೆಷ್ಟು, ಬಂದರಿನಲ್ಲಿ ಪುಡಿಯನ್ನು ಏಕೆ ತಡೆದು ನಿಲ್ಲಿಸುತ್ತಾರೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ನಿಯಮಗಳೆಲ್ಲ ಅದರಿಂದಲೇ ಅರ್ಥವಾಗುತ್ತವೆ. ಶ್ರೀಲಂಕಾದ ದಾಲ್ಚಿನ್ನಿ ತೆಳುವಾದ ಪದರಗಳ ಸುರುಳಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚಕ್ಕೆ ಎಂದು ಸಿಗುವುದು ಬಹುಪಾಲು ಕ್ಯಾಸಿಯಾ ಎಂಬ ಬೇರೊಂದು ಮರದ ದಪ್ಪ, ಗಟ್ಟಿ ತೊಗಟೆ. ಅದರಲ್ಲಿ ಯಕೃತ್ತಿಗೆ ಹಾನಿ ಮಾಡಬಲ್ಲ ಕೌಮರಿನ್ ಅಂಶ ಬಹಳ ಹೆಚ್ಚು. ಇಡಿಯಾಗಿದ್ದಾಗ ಇವೆರಡನ್ನು ಮಕ್ಕಳೂ ಬೇರ್ಪಡಿಸಿಯಾರು, ಆದರೆ ಬೀಸಿದ ಮೇಲೆ ಅನುಭವಿ ವ್ಯಾಪಾರಿಯ ಕಣ್ಣೂ ಸೋಲುತ್ತದೆ. ಆಹಾರ ಸುರಕ್ಷತಾ ನಿಯಮಗಳು ಇವೆರಡಕ್ಕೂ ಪ್ರತ್ಯೇಕ ಮಾನದಂಡಗಳನ್ನು ಇಟ್ಟಿರುವುದರಿಂದ ಕ್ಯಾಸಿಯಾವನ್ನು ದಾಲ್ಚಿನ್ನಿ ಎಂದು ಮಾರುವಂತಿಲ್ಲ. ಪುಡಿಯ ವಿಚಾರದಲ್ಲಿ ಪ್ರಯೋಗಾಲಯದ ವರದಿಯೊಂದೇ ಸಾಕ್ಷಿ, ಬಂದರಿನಲ್ಲಿ ಪುಡಿಯನ್ನು ತಡೆದು ನಿಲ್ಲಿಸುವುದು ಅದಕ್ಕಾಗಿಯೇ. 2003ರಲ್ಲಿ ಯುರೋಪಿನಲ್ಲಿ ಖಾರದ ಪುಡಿಯೊಳಗೆ ಸುಡಾನ್ ಎಂಬ ಕೈಗಾರಿಕಾ ಬಣ್ಣ ಪತ್ತೆಯಾದ ಪ್ರಕರಣವೂ ಇದನ್ನೇ ತೋರಿಸಿತು.

ಪರವಾನಗಿಗಳ ಪೈಕಿ ಮೊದಲನೆಯದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು-ರಫ್ತು ಸಂಕೇತ, ಅಂದರೆ ಐಇಸಿ. ಎರಡನೆಯದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಕೇಂದ್ರ ಪರವಾನಗಿ. ಇಲ್ಲಿ ಅನೇಕರು ಎಡವುತ್ತಾರೆ: ಗಿರಣಿಗೆ ಈಗಾಗಲೇ ಇರುವ ನೋಂದಣಿ ಅಥವಾ ರಾಜ್ಯ ಪರವಾನಗಿ ಆಮದಿಗೆ ನಡೆಯುವುದಿಲ್ಲ, ಹಾಗೆಯೇ ಆಮದು ಪರವಾನಗಿ ಕೈಯಲ್ಲಿದ್ದರೂ ದಾವಣಗೆರೆಯಲ್ಲಿ ಪೊಟ್ಟಣ ಕಟ್ಟಲು ಆ ಜಾಗಕ್ಕೆ ಮರುಪ್ಯಾಕಿಂಗ್ ಅನುಮತಿ ಬೇರೆಯೇ ಬೇಕು. ಪೊಟ್ಟಣದ ಮೇಲಿನ ತೂಕ, ಬೆಲೆಗಳ ವಿವರಕ್ಕೆ 2011ರ ಕಾನೂನು ಮಾಪನ ಪೊಟ್ಟಣ ನಿಯಮಗಳೂ ಅನ್ವಯಿಸುತ್ತವೆ.

ಸುಂಕದ ಪಟ್ಟಿಯಲ್ಲಿ ಬೀಸಿದ ದಾಲ್ಚಿನ್ನಿಗೆ 0906 20 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಮೂಲ ಸುಂಕ ಶೇ. 30, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಒಟ್ಟು ಮೊತ್ತದ ಮೇಲೆ ಶೇ. 5 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಎಂದು ಲೆಕ್ಕ ಹಾಕಿದರೆ, ವಿಮೆ ಮತ್ತು ಸಾಗಣೆ ಸೇರಿ 1,00,000 ರೂಪಾಯಿ ಮೌಲ್ಯದ ಸರಕಿಗೆ 30,000, 3,000 ಮತ್ತು 6,650, ಒಟ್ಟು 39,650 ರೂಪಾಯಿ ಬರುತ್ತದೆ. ಐಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ, ಅಂದರೆ ಮಾರಾಟದ ಮೇಲೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ, ಹೊಂದಿಸಿಕೊಳ್ಳಬಹುದು. 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ಮೂಲ ಸುಂಕದ ರಿಯಾಯಿತಿ ಕೇಳಬೇಕಾದರೆ ಸರಕಿನೊಡನೆ ಮೂಲ ದೇಶದ ಪ್ರಮಾಣಪತ್ರ ಇರಬೇಕು. ಸೀಮಾಸುಂಕದ 2020ರ ನಿಯಮಗಳ ಪ್ರಕಾರ ಆ ಪ್ರಮಾಣಪತ್ರಕ್ಕೆ ಆಧಾರವಾದ ಮಾಹಿತಿ ಆಮದುದಾರರ ಬಳಿಯೂ ಇರಬೇಕು. ಕಾಗದ ಬಂದಿತೆಂದು ಸುಮ್ಮನಿರುವಂತಿಲ್ಲ.

ಹಡಗು ಬರುವ ವೇಳೆಗೆ ನಿಮ್ಮ ಕ್ಲಿಯರಿಂಗ್ ಏಜೆಂಟ್ ಸೀಮಾಸುಂಕ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ಘೋಷಣಾಪತ್ರ, ಸಲ್ಲಿಸಬೇಕು. ತಡವಾದರೆ ಮೊದಲ 3 ದಿನ ದಿನಕ್ಕೆ 5,000, ಆನಂತರ ದಿನಕ್ಕೆ 10,000 ರೂಪಾಯಿ ದಂಡ. ಏಕಗವಾಕ್ಷಿ ವ್ಯವಸ್ಥೆಯ ಮೂಲಕ ಅದೇ ಬಿಲ್ ಆಹಾರ ಸುರಕ್ಷತಾ ಅಧಿಕಾರಿಗೂ ತಲುಪುತ್ತದೆ. ಅವರು ಮೊದಲು ನೋಡುವುದು ಲೇಬಲ್ಲನ್ನು. ಆಮದುದಾರರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇಲ್ಲದಿದ್ದರೆ ಸುಂಕದ ಗೋದಾಮಿನಲ್ಲೇ ಕಿತ್ತುಬಾರದ ಸ್ಟಿಕ್ಕರ್ ಅಂಟಿಸಿ ಸರಿಪಡಿಸಿಕೊಳ್ಳಬಹುದು. ಬ್ಯಾಚ್ ಸಂಖ್ಯೆ ಅಥವಾ ಬಳಕೆಯ ಅವಧಿ ಮೂಲ ಚೀಲದ ಮೇಲೆಯೇ ಇಲ್ಲದಿದ್ದರೆ ಸರಕು ಅಲ್ಲಿಗೇ ತಿರಸ್ಕೃತವಾಗುತ್ತದೆ. ಒಟ್ಟು ಬಾಳಿಕೆಯಲ್ಲಿ ಶೇ. 60 ಅಥವಾ 3 ತಿಂಗಳು, ಇವೆರಡರಲ್ಲಿ ಕಡಿಮೆಯಾದಷ್ಟು ಅವಧಿಯಾದರೂ ಉಳಿದಿರಬೇಕು.

ನಂತರ ಎರಡು ಮಾದರಿಗಳನ್ನು ತೆಗೆದು ಒಂದನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ; ವರದಿಗೆ ನಿಗದಿಯಾದ ಕಾಲ 5 ದಿನ. ತೇವಾಂಶ, ಬೂದಿ, ತೈಲಾಂಶ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ, ಕೀಟನಾಶಕದ ಉಳಿಕೆ ಇವುಗಳಿಗೆಲ್ಲ ಮಿತಿಗಳಿವೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮಾತ್ರ 25 ಗ್ರಾಂ ಪುಡಿಯಲ್ಲಿ ಒಂದೂ ಇರಕೂಡದು. ತೇವದ ಹವೆಯಲ್ಲಿ ಒಣಗಿಸಿದ ತೊಗಟೆಯನ್ನು ಬೀಸಿದ್ದರೆ ಮೊದಲು ಸೋಲುವುದು ಈ ಪರೀಕ್ಷೆಗಳಲ್ಲಿಯೇ. ಆದ್ದರಿಂದ ಹಡಗು ಹತ್ತುವ ಮುನ್ನ ಅದೇ ಬ್ಯಾಚಿನ ಮಾದರಿಯನ್ನು ತರಿಸಿ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಭಾರತದ ಮಾನದಂಡಕ್ಕೆ ತಕ್ಕಂತೆ ಪರೀಕ್ಷೆ ಮಾಡಿಸದೆ ಹಣ ಕಳುಹಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ನನ್ನನ್ನು ಕೇಳಿದರೆ, ಗಿರಣಿ ನಿಮ್ಮದೇ ಆಗಿರುವಾಗ ಇಡಿ ಸುರುಳಿಗಳನ್ನು ತರಿಸಿ ಇಲ್ಲಿಯೇ ಬೀಸುವುದು ಮೇಲು. ಆಗ 2003ರ ಸಸ್ಯ ಸಂಪರ್ಕನಿಷೇಧ (ಕ್ವಾರಂಟೈನ್) ಆದೇಶದ ತಪಾಸಣೆ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರದ ಕೆಲಸ ಸೇರುತ್ತದೆ, ನಿಜ. ಆದರೆ ಕೊಳ್ಳುವುದು ಏನೆಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಪುಡಿಯನ್ನೇ ತರಿಸಿ ವರದಿ ವಿರುದ್ಧವಾಗಿ ಬಂದರೆ ಮರುಪರೀಕ್ಷೆ ಕೋರಬಹುದು. ಆಗ ಎರಡನೆಯ ಮಾದರಿ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂತಹವುಗಳಲ್ಲೊಂದು. ಅಲ್ಲಿಯೂ ಸೋತರೆ ಸರಕು ಹಿಂದಿರುಗಬೇಕು ಅಥವಾ ನಾಶವಾಗಬೇಕು. ಆ ಖರ್ಚು ಮತ್ತು ಬಂದರಿನ ಬಾಡಿಗೆ ಯಾರ ಪಾಲಿಗೆ ಎಂಬುದನ್ನು ಖರೀದಿ ಆದೇಶದಲ್ಲೇ ಬರೆಸಿಕೊಳ್ಳಿ.