ಉದ್ದ ಕೂದಲಿನ ದಿನಬಳಕೆಯ ತುರುಬುಗಳು: ಹಿಡಿತ ಎಲ್ಲಿಂದ ಬರುತ್ತದೆ

ಸೊಂಟದವರೆಗೆ ಇಳಿಯುವ ಕೂದಲನ್ನು ಬೆಳಗಿನ ಗಡಿಬಿಡಿಯಲ್ಲಿ ಮೇಲೆತ್ತಿ ಕಟ್ಟಿ, ಸಂಜೆಯವರೆಗೂ ಬಿಚ್ಚದಂತೆ ಉಳಿಸಿಕೊಳ್ಳುವ ಕ್ರಮವನ್ನು ಜೊತೆಗೆ ಕಲಿಯುತ್ತಿರುವವರಿಗಾಗಿ ಇಲ್ಲಿ ವಿವರಿಸಿದ್ದೇನೆ. ಬಿಗಿಯಾಗಿ ಎಳೆದು ಕಟ್ಟಿದಷ್ಟೂ ತುರುಬು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಭಾವನೆ ಕಲಿಕೆಯ ಆರಂಭದಲ್ಲಿ ಬಹಳ ಮಂದಿಯಲ್ಲಿರುತ್ತದೆ. ಆದರೆ ನಿಜವಾದ ಹಿಡಿತ ಬರುವುದು ಕೂದಲಿಗೆ ಕೊಡುವ ಹುರಿಯಿಂದ ಮತ್ತು ಪಿನ್ನು ಒಳಹೋಗುವ ದಿಕ್ಕಿನಿಂದ. ಈ ಎರಡನ್ನು ಸರಿಯಾಗಿ ತಿಳಿದುಕೊಂಡರೆ ಮುಂದಿನ ಎಲ್ಲ ವಿನ್ಯಾಸಗಳೂ ಸುಲಭವಾಗುತ್ತವೆ.

ಮೊದಲು ಕೂದಲಿನ ಸ್ವಭಾವ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಸೊಂಟದ ಬಳಿ ತೂಗುವ ತುದಿಗೆ ಐದಾರು ವರ್ಷಗಳ ಪ್ರಾಯವಾಗಿರುತ್ತದೆ. ಅಷ್ಟು ಕಾಲದ ಬಾಚುವಿಕೆ ಮತ್ತು ಬಿಸಿಲಿನಿಂದ ಹೊರಪದರ ಸವೆದಿರುವ ಆ ತುದಿಯನ್ನು ತುರುಬಿನ ಒಳಗೆ ಅಡಗಿಸುವುದು ಅಂದಕ್ಕೆ ಎಷ್ಟು ಮುಖ್ಯವೋ ರಕ್ಷಣೆಗೂ ಅಷ್ಟೇ ಮುಖ್ಯ. ಒದ್ದೆಯಾದಾಗ ಕೆರಟಿನ್ ಎಂಬ ಪ್ರೋಟೀನಿನೊಳಗಿನ ಜಲಜನಕ ಬಂಧಗಳು ಸಡಿಲಗೊಂಡು, ಕೂದಲು ಉಬ್ಬುತ್ತದೆ, ಹೆಚ್ಚು ಹಿಗ್ಗುತ್ತದೆ, ಬೇಗನೆ ತುಂಡಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೆಳಿಗ್ಗೆ ಮಿಂದ ತಲೆ ಮಧ್ಯಾಹ್ನವಾದರೂ ಪೂರ್ತಿ ಒಣಗುವುದಿಲ್ಲ. ಹಾಗೆಯೇ ತುರುಬು ಕಟ್ಟಿದರೆ ಒಳಗೆ ಉಳಿದ ತೇವದಿಂದ ವಾಸನೆ, ತುರಿಕೆ ಶುರುವಾಗುತ್ತದೆ. ಜೊತೆಗೆ ಉಬ್ಬಿದ ಕೂದಲು ಒಣಗಿ ತೆಳ್ಳಗಾಗುತ್ತಿದ್ದಂತೆ ಕಟ್ಟೂ ಸಡಿಲುತ್ತದೆ. ಇದಕ್ಕೆ ಇಲ್ಲಿನ ಮಲಯಾಳಿ ಮನೆಗಳಲ್ಲಿ ರೂಢಿಯಲ್ಲಿರುವ ಕುಳಿಪ್ಪಿನ್ನಲ್ ಉತ್ತಮ ಪರಿಹಾರ. ಎರಡೂ ಕಿವಿಗಳ ಮೇಲ್ಭಾಗದಿಂದ ತೆಳುವಾದ ಒಂದೊಂದು ಎಳೆಯನ್ನು ಹಿಂದಕ್ಕೆ ತಂದು, ನಡುವೆ ಸಡಿಲವಾಗಿ ಹೆಣೆದು, ಉಳಿದ ಕೂದಲನ್ನು ಬೆನ್ನ ಮೇಲೆ ಹರಡಿಬಿಡುವ ಕ್ರಮವಿದು. ಕೂದಲು ಮುಖಕ್ಕೆ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ತುರುಬಿನ ಕೆಲಸ ಒಣಗಿದ ಮೇಲೆ.

ಎಲ್ಲಕ್ಕೂ ಮೂಲವಾದದ್ದು ಹುರಿ ತುರುಬು. ಸಿಕ್ಕು ಬಿಡಿಸಿದ ಕೂದಲನ್ನು ಹೆಕ್ಕತ್ತಿನಿಂದ ಎರಡು ಬೆರಳು ಮೇಲೆ ಒಟ್ಟುಗೂಡಿಸಿ, ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಹೊಸೆಯುತ್ತಾ ಹೋಗಬೇಕು. ತೆಂಗಿನ ನಾರಿನ ಹಗ್ಗಕ್ಕೆ ಹುರಿ ಹೆಚ್ಚಾದಾಗ ಅದು ತಾನಾಗಿ ಸುತ್ತಿಕೊಳ್ಳುವಂತೆ, ಸಾಕಷ್ಟು ಹುರಿಯಾದ ಕೂದಲು ತಾನಾಗಿಯೇ ಬುಡದ ಕಡೆಗೆ ಬಾಗುತ್ತದೆ. ಆ ಹಂತದವರೆಗೆ ಕೈ ಬಿಡಬಾರದು. ಅನಂತರ ಹೊಸೆದ ದಿಕ್ಕಿನಲ್ಲೇ ಬುಡದ ಸುತ್ತ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಪ್ರತಿ ಸುತ್ತಿಗೂ ಹುರಿ ಬಿಚ್ಚುತ್ತಾ ಹೋಗಿ ತುರುಬು ಸಡಿಲವಾಗುತ್ತದೆ. ಒಂದೊಂದು ಸುತ್ತನ್ನೂ ಹಿಂದಿನ ಸುತ್ತಿನ ಹೊರಬದಿಗೆ, ತಲೆಗೆ ತಾಗಿಸಿ ಇಡಬೇಕು; ಒಂದರ ಮೇಲೊಂದು ಏರಿಸಿದರೆ ತುರುಬು ಎತ್ತರವಾಗಿ ಅದರ ಭಾರ ಕೆಳಕ್ಕೆ ಜಗ್ಗುತ್ತದೆ. ತುದಿಯನ್ನು ಕೊನೆಯ ಸುತ್ತಿನ ಅಡಿಗೆ ತುರುಕಬೇಕು.

ಇನ್ನು ಪಿನ್ನು. ಈ ಭಾಗವನ್ನು ನಿಧಾನವಾಗಿ ಅಭ್ಯಾಸ ಮಾಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ, ಏಕೆಂದರೆ ತುರುಬು ಬಿಚ್ಚಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಯು ಆಕಾರದ ಪಿನ್ನನ್ನು ಹೊರಗಿನಿಂದ ನೇರವಾಗಿ ಒಳಕ್ಕೆ ಚುಚ್ಚಿದರೆ ಅದು ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಮೊದಲು ಪಿನ್ನಿನ ಮೊನೆಗಳನ್ನು ತುರುಬಿನಿಂದ ಹೊರಮುಖವಾಗಿ ಹಿಡಿದು ತುರುಬಿನ ಅಂಚಿನ ಸ್ವಲ್ಪ ಕೂದಲನ್ನು ಕೋದುಕೊಳ್ಳಬೇಕು. ಅದೇ ಮೊನೆಗಳಿಂದ ಪಕ್ಕದಲ್ಲಿ ತಲೆಗೆ ಅಂಟಿಕೊಂಡಿರುವ ಕೂದಲನ್ನೂ ಸ್ವಲ್ಪ ಎತ್ತಿಕೊಳ್ಳಬೇಕು. ಬಳಿಕ ಪಿನ್ನನ್ನು ಮಗುಚಿ, ಮೊನೆಗಳು ತುರುಬಿನ ನಡುವಿಗೆ ಮುಖ ಮಾಡುವಂತೆ ತಿರುಗಿಸಿ, ತಲೆಗೆ ಒರಗಿಸಿ ಒಳಕ್ಕೆ ನೂಕಬೇಕು. ಹೀಗೆ ತುರುಬಿನ ಕೂದಲು ಮತ್ತು ತಲೆಯ ಕೂದಲು ಪಿನ್ನನ್ನು ಎದುರುಬದುರಾಗಿ ಎಳೆಯುವುದರಿಂದ ಪಿನ್ನು ಅಲ್ಲಾಡುವುದಿಲ್ಲ. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ಪಿನ್ನುಗಳನ್ನು ಹೀಗೆ ಹಾಕಿದರೆ ದಪ್ಪ ಕೂದಲಿಗೂ ಸಾಕಾಗುತ್ತದೆ. ಚಪ್ಪಟೆಯಾದ ಕಪ್ಪು ಸ್ಲೈಡನ್ನು ಬಳಸುವಾಗ ಅದರ ಅಲೆಯಲೆಯಾದ ಬದಿ ತಲೆಯ ಕಡೆಗಿರಬೇಕು. ಹಿಡಿತ ಆ ಅಲೆಗಳಲ್ಲಿಯೇ ಇರುವುದು. ಪಿನ್ನು ಚರ್ಮಕ್ಕೆ ಚುಚ್ಚಿದಂತಾದರೆ ಸಹಿಸಿಕೊಳ್ಳದೆ ತೆಗೆದು ಮತ್ತೆ ಹಾಕಬೇಕು.

ತೆಂಗಿನೆಣ್ಣೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಅಧಿಕವಾಗಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ಕಡಿಮೆ ಮಾಡುತ್ತದೆ. ಆದರೂ ತುರುಬು ಕಟ್ಟುವ ಹೊತ್ತಿಗೆ ಅಂಗೈಯಲ್ಲಿ ಉಜ್ಜಿಕೊಂಡ ಕೆಲವೇ ಹನಿ ಸಾಕು. ಜಿಡ್ಡು ಹೆಚ್ಚಾದರೆ ಪಿನ್ನು ನಿಲ್ಲುವುದಿಲ್ಲ.

ಉಪ್ಪಳದಿಂದ ಮಂಗಳೂರಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುವವರಿಗೆ ನಾನು ಸೂಚಿಸುವುದು ಜಡೆ ತುರುಬನ್ನು. ಮೂರು ಕಾಲಿನ ಜಡೆ ಹೆಣೆದು, ತುದಿಗೆ ಬಟ್ಟೆ ಹೊದಿಸಿದ ರಬ್ಬರ್‌ಬ್ಯಾಂಡ್ ಹಾಕಿ, ಬುಡದ ಸುತ್ತ ಸುತ್ತಿ ಮೇಲೆ ಹೇಳಿದ ಕ್ರಮದಲ್ಲೇ ಪಿನ್ನು ಹಾಕಬೇಕು. ಜಡೆಯ ಉಬ್ಬುತಗ್ಗುಗಳಲ್ಲಿ ಪಿನ್ನು ಸಿಕ್ಕಿಕೊಳ್ಳುವುದರಿಂದ, ಜಾರುವ ನುಣುಪು ಕೂದಲಿಗೂ ಇದು ಹೊಂದುತ್ತದೆ. ಸಂಜೆ ಬಿಚ್ಚಿದಾಗ ಸಿಕ್ಕೂ ಕಡಿಮೆ. ಸ್ಕೂಟರಿನಲ್ಲಿ ಹೋಗುವವರು ತುರುಬನ್ನು ಹೆಲ್ಮೆಟ್ಟಿನ ಕೆಳ ಅಂಚಿಗಿಂತ ಕೆಳಗೆ, ಕತ್ತಿನ ಬಳಿ ಕಟ್ಟಬೇಕು. ನೆತ್ತಿಯ ಮೇಲಿನ ತುರುಬು ಹೆಲ್ಮೆಟ್ಟನ್ನು ಎತ್ತಿ ಹಿಡಿಯುವುದರಿಂದ ಅದು ತಲೆಗೆ ಸರಿಯಾಗಿ ಕೂರುವುದಿಲ್ಲ. ಇದು ಸುರಕ್ಷತೆಯ ಪ್ರಶ್ನೆ.

ಕ್ಲಚ್ ಮನೆಕೆಲಸದ ಹೊತ್ತಿಗೆ ಸಾಕು. ಸೊಂಟದುದ್ದದ ದಪ್ಪ ಕೂದಲಿಗೆ ಅದರ ಹಲ್ಲುಗಳು ಉದ್ದವಾಗಿರಬೇಕು. ನಯವಾದ ಮರದ ಕಡ್ಡಿಯಿಂದ ತುರುಬನ್ನು ನಿಲ್ಲಿಸುವಾಗಲೂ ನಿಯಮ ಪಿನ್ನಿನದೇ: ಅಂಚಿನ ಕೂದಲನ್ನು ಕೋದು, ಮಗುಚಿ, ತಲೆಗೆ ಒರಗಿಸಿ ಇನ್ನೊಂದು ಬದಿಗೆ ಹೊರಡಿಸುವುದು.

ಬಿಗಿತದ ವಿಷಯವನ್ನು ಹಗುರವಾಗಿ ಕಾಣಬಾರದು. ನಿತ್ಯವೂ ಒಂದೇ ಜಾಗದಲ್ಲಿ ಎಳೆದು ಕಟ್ಟುವುದರಿಂದ ಹಣೆಯ ಅಂಚಿನ ಮತ್ತು ಕಿವಿಯ ಮುಂದಿನ ಕೂದಲು ಉದುರುವ ಸ್ಥಿತಿಯನ್ನು ಟ್ರ್ಯಾಕ್ಷನ್ ಅಲೊಪೇಶಿಯ ಎನ್ನುತ್ತಾರೆ. ಆರಂಭದಲ್ಲೇ ಎಳೆತ ನಿಂತರೆ ಕೂದಲು ಮರಳಿ ಬೆಳೆಯುತ್ತದೆ; ವರ್ಷಗಟ್ಟಲೆ ಮುಂದುವರಿದರೆ ಬೇರಿನ ಕೋಶಗಳೇ ನಾಶವಾಗುತ್ತವೆ. ಬುಡದಲ್ಲಿ ನೋವು, ಸಣ್ಣ ಗುಳ್ಳೆಗಳು, ತುರುಬು ಬಿಚ್ಚಿದ ಮೇಲೂ ಉಳಿಯುವ ತಲೆನೋವು ಇವೆಲ್ಲ ಎಚ್ಚರಿಕೆಯ ಲಕ್ಷಣಗಳು. ಪರೀಕ್ಷಿಸುವ ಬಗೆ ಸರಳ: ತುರುಬು ಕಟ್ಟಿದ ಮೇಲೆ ಹುಬ್ಬುಗಳನ್ನು ಮೇಲೆತ್ತಿದಾಗ ಹಣೆಯ ಅಂಚು ಸೆಳೆದಂತಾದರೆ, ಬೆರಳನ್ನು ಕೂದಲಿನ ಅಡಿಗೆ ತೂರಿಸಿ ಸ್ವಲ್ಪ ಸಡಿಲಿಸಬೇಕು. ಎರಡು ದಿನಕ್ಕೊಮ್ಮೆ ತುರುಬಿನ ಎತ್ತರವನ್ನೂ ಬೈತಲೆಯನ್ನೂ ಬದಲಿಸುವುದು ಒಳ್ಳೆಯದು.

ಮಲ್ಲಿಗೆ ಮುಡಿಯುವವರು ಹೂವಿನ ಭಾರ ತುರುಬಿನ ಪಿನ್ನುಗಳ ಮೇಲೆ ಬೀಳದಂತೆ, ದಂಡೆಯ ಎರಡೂ ತುದಿಗಳಿಗೆ ಬೇರೆಯೇ ಸ್ಲೈಡ್ ಹಾಕಿ, ಹೂಗಳನ್ನು ಬಿಟ್ಟು ದಾರವನ್ನು ಮಾತ್ರ ಸಿಕ್ಕಿಸಬೇಕು. ರಾತ್ರಿ ಎಲ್ಲ ಪಿನ್ನುಗಳನ್ನೂ ತೆಗೆದು, ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಿ, ಸಡಿಲವಾದ ಒಂದು ಜಡೆ ಹಾಕಿ ಮಲಗಬೇಕು.